ಡ್ಯೂಟಿ ಪಟ್ಟಿಯಿಂದ ಬಜೆಟ್ ಮೀಟಿಂಗ್‌ವರೆಗೆ: ನರ್ಸಿಂಗ್ ಮುಖ್ಯಸ್ಥರಿಗೆ ಬೇಕಾದ ಲೆಕ್ಕ

ಧಾರವಾಡದ ಮಾಳಮಡ್ಡಿಯಲ್ಲಿ ಮನೆ ಮಾಡಿಕೊಂಡ ನರ್ಸ್‌ಗಳಿಗೆ ದಿನಾ ಹೋಗಿಬರುವಷ್ಟು ದೂರದಲ್ಲೇ ನಾಲ್ಕೈದು ಬಗೆಯ ಆಸ್ಪತ್ರೆಗಳಿವೆ. ಧಾರವಾಡದ ಜಿಲ್ಲಾಸ್ಪತ್ರೆ ಇದೆ. 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಆಗಿದೆ. ಚಿಗರಿ ಬಸ್ ಹತ್ತಿ ಹುಬ್ಬಳ್ಳಿ ಕಡೆ ಹೊರಟರೆ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸಿಗುತ್ತದೆ. ಇಳಿಯದೆ ಕುಳಿತರೆ ವಿದ್ಯಾನಗರದಲ್ಲಿ ಕಿಮ್ಸ್. 1957ರ ಸರ್ಕಾರಿ ಮೆಡಿಕಲ್ ಕಾಲೇಜು, ಹೆಸರು ಎಷ್ಟು ಬದಲಾದರೂ ಜನರ ಬಾಯಲ್ಲಿ ಅದು ಕಿಮ್ಸೇ. ಇವುಗಳ ನಡುನಡುವೆ ಇಪ್ಪತ್ತು, ಮೂವತ್ತು ಹಾಸಿಗೆಯ ನರ್ಸಿಂಗ್ ಹೋಂಗಳು ಬೇಕಾದಷ್ಟು.

ಆಸ್ಪತ್ರೆಗಳು ಇಷ್ಟು ಬೇರೆಬೇರೆ ಆದರೂ ನರ್ಸಿಂಗ್ ವಿಭಾಗದ ದೊಡ್ಡ ಕುರ್ಚಿಗೆ ಬರುವ ದಾರಿ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಹದಿನೈದು, ಇಪ್ಪತ್ತು ವರ್ಷ ವಾರ್ಡು, ಐಸಿಯು, ಓಟಿ ಎಂದು ದುಡಿಯುತ್ತಾರೆ. ಇನ್‌ಚಾರ್ಜ್ ಆಗುತ್ತಾರೆ. ಹಿಂದಿನ ಮೇಟ್ರನ್ ನಿವೃತ್ತರಾದ ದಿನ ಕೀಲಿಕೈ ಗೊಂಚಲಿನ ಜೊತೆ ಕುರ್ಚಿಯೂ ಸಿಗುತ್ತದೆ, ಆದರೆ ಅದಕ್ಕೆ ಬೇಕಾದ ತರಬೇತಿ ಸಿಗುವುದಿಲ್ಲ. ಯಾರಿಗೂ ಸಿಗದ ನರ ಹುಡುಕಿ ಕ್ಯಾನುಲಾ ಹಾಕುವುದರಲ್ಲಿ ನಿನ್ನೆಯವರೆಗೆ ಹೆಸರಾಗಿದ್ದವರು ಇವತ್ತಿನಿಂದ ನೂರಾರು ಜನರ ರಜೆ, ಸಂಬಳ, ಜಗಳ, ಇಂಡೆಂಟು, ಎನ್‌ಎಬಿಎಚ್ (ಆಸ್ಪತ್ರೆ ಮಾನ್ಯತಾ ಮಂಡಳಿ) ತಪಾಸಣೆ ಎಲ್ಲವನ್ನೂ ನಿಭಾಯಿಸಬೇಕು. ಈ ಬರಹ ಅಂಥವರಿಗಾಗಿ, ಮತ್ತು ನಾಲ್ಕಾರು ವರ್ಷದಲ್ಲಿ ಆ ಜಾಗಕ್ಕೆ ಬರಲಿರುವ ಇನ್‌ಚಾರ್ಜ್ ಸಿಸ್ಟರ್, ಬ್ರದರ್‌ಗಳಿಗಾಗಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಹುದ್ದೆಗೆ ಮೊದಲು ಬೇಕಾದ ವಿದ್ಯೆ ಗಣಿತ. ತಾಳ್ಮೆ, ಅಂತಃಕರಣ, ಒಳ್ಳೆಯ ಮಾತು ಎಲ್ಲ ಬೇಕು, ಆದರೆ ಅವು ಇರುವ ಮೇಟ್ರನ್‌ಗಳಿಗೆ ನಮ್ಮಲ್ಲಿ ಬರವಿಲ್ಲ. ಆಡಳಿತ ಮಂಡಳಿಯ ಎದುರು ಒಂದು ಹಾಳೆ ಇಟ್ಟು, ಇಷ್ಟು ಜನ ಬೇಕು, ಲೆಕ್ಕ ಹೀಗಿದೆ ಎನ್ನಬಲ್ಲವರು ಕಡಿಮೆ. ಮೇ 12ರಂದು ದೀಪ ಹಚ್ಚಿ, ಪ್ರತಿಜ್ಞೆ ಓದಿ ನಾವು ನೆನೆಯುವ ಫ್ಲಾರೆನ್ಸ್ ನೈಟಿಂಗೇಲ್ ಈ ಲೆಕ್ಕದಲ್ಲಿ ಎತ್ತಿದ ಕೈ. ಸೈನಿಕರು ಗಾಯಕ್ಕಿಂತ ರೋಗದಿಂದ ಹೆಚ್ಚು ಸಾಯುತ್ತಿದ್ದಾರೆಂದು ತೋರಿಸಲು ಆಕೆ ವೃತ್ತಾಕಾರದ ನಕ್ಷೆ ಬರೆದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ ಆಕೆಯೇ. ಭಾರತಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ಸೇನಾ ಠಾಣ್ಯಗಳಿಂದ ಪ್ರಶ್ನಾವಳಿಗಳಿಗೆ ಬಂದ ಉತ್ತರಗಳನ್ನು ಜಾಲಾಡಿ 1863ರ ರಾಯಲ್ ಕಮಿಷನ್ ವರದಿಗೆ ಟಿಪ್ಪಣಿ ಬರೆದುಕೊಟ್ಟರು. ನಮ್ಮ ನರ್ಸಿಂಗ್ ಕಾಲೇಜುಗಳ ಗೋಡೆಯ ಮೇಲೆ ಆಕೆಯ ದೀಪದ ಚಿತ್ರವಿದೆ, ಆ ನಕ್ಷೆಯಿಲ್ಲ.

ಎಷ್ಟು ಜನ ಬೇಕು?

30 ಹಾಸಿಗೆಯ ಒಂದು ಜನರಲ್ ವಾರ್ಡ್ ತೆಗೆದುಕೊಳ್ಳಿ. ಎನ್‌ಎಬಿಎಚ್ ತಪಾಸಣೆಯಲ್ಲಿ ಸಾಮಾನ್ಯವಾಗಿ ಕೇಳುವ ಪ್ರಮಾಣ ಪ್ರತಿ ಪಾಳಿಗೆ ಆರು ಹಾಸಿಗೆಗೆ ಒಬ್ಬರು. ಐಸಿಯುದಲ್ಲಿ ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಗೆ ಒಬ್ಬರು, ವೆಂಟಿಲೇಟರ್ ಇಲ್ಲದ ಇಬ್ಬರು ರೋಗಿಗಳಿಗೆ ಒಬ್ಬರು. ನಮ್ಮ ವಾರ್ಡಿಗೆ ಪಾಳಿಗೆ 5 ಜನ, ದಿನಕ್ಕೆ ಮೂರು ಪಾಳಿ, ಒಟ್ಟು 15 ಡ್ಯೂಟಿ. ಎಷ್ಟೋ ಕಡೆ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಹದಿನೈದು ಡ್ಯೂಟಿಗೆ ಹದಿನೈದು ಜನರನ್ನು ತೆಗೆದುಕೊಂಡು, ಪಟ್ಟಿ ಯಾಕೆ ಕೂಡಿಬರುವುದಿಲ್ಲ ಎಂದು ವರ್ಷವಿಡೀ ಇನ್‌ಚಾರ್ಜ್ ಸಿಸ್ಟರ್ ಮೇಲೆ ರೇಗುತ್ತಾರೆ.

ಡ್ಯೂಟಿ ವರ್ಷದ 365 ದಿನವೂ ಇರುತ್ತದೆ, ಮನುಷ್ಯರು ಇರುವುದಿಲ್ಲ. ಒಬ್ಬರಿಗೆ ವಾರದ ರಜೆ 52, ಹಬ್ಬದ ರಜೆ 10, ಸಾಂದರ್ಭಿಕ ರಜೆ 12, ಗಳಿಕೆ ರಜೆ 15, ಕಾಯಿಲೆ ರಜೆ 7 ಎಂದಿಟ್ಟುಕೊಳ್ಳಿ. ನಿಮ್ಮ ಸಂಸ್ಥೆಯ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿ. ಒಟ್ಟು 96 ದಿನ ರಜೆ ಹೋಗಿ ಒಬ್ಬರು ಕೆಲಸಕ್ಕೆ ಸಿಗುವುದು 269 ದಿನ. ವಾರ್ಡಿಗೆ ವರ್ಷಕ್ಕೆ ಬೇಕಾದ ಡ್ಯೂಟಿ 15ನ್ನು 365ರಿಂದ ಗುಣಿಸಿದರೆ 5475. ಅದನ್ನು 269ರಿಂದ ಭಾಗಿಸಿದರೆ 20.35. ಎಂದರೆ ಆ ವಾರ್ಡಿಗೆ 20 ಜನರೂ ಪೂರ್ತಿ ಸಾಲುವುದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ರಜೆಗಾಗಿ ಶೇ 30ರಷ್ಟು ಹೆಚ್ಚುವರಿ ಇಟ್ಟುಕೊಳ್ಳಿ ಎನ್ನುತ್ತದೆ, ಹಾಗೆ ಹಿಡಿದರೆ 19.5. ಕೇಂದ್ರ ಹಣಕಾಸು ಸಚಿವಾಲಯದ ಸಿಬ್ಬಂದಿ ತಪಾಸಣಾ ಘಟಕ ಸರ್ಕಾರಿ ಆಸ್ಪತ್ರೆಗಳಿಗೆ ಹೇಳಿದ್ದು ಶೇ 45, ಆ ಪ್ರಕಾರ 21.75. ನಾವು ಕೈಯಾರೆ ಹಾಕಿದ ಲೆಕ್ಕ ಈ ಎರಡರ ನಡುವೆ ಬಂದು ಕೂತಿದೆ.

ಈಗ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಹದಿನೈದೇ ಜನರಿದ್ದರೆ ವರ್ಷಕ್ಕೆ ಸಿಗುವ ಡ್ಯೂಟಿ 4035. ಕೊರತೆ 1440, ಅಂದರೆ ದಿನಕ್ಕೆ ಹತ್ತಿರ ಹತ್ತಿರ ನಾಲ್ಕು ಡ್ಯೂಟಿ ಖಾಲಿ. ಡಾಕ್ಟರ ರೌಂಡ್ಸ್ ಇರುವ ಬೆಳಗಿನ ಪಾಳಿಯನ್ನು ಯಾರೂ ಖಾಲಿ ಬಿಡುವುದಿಲ್ಲ, ಆದ್ದರಿಂದ ಆ ಕೊರತೆಯೆಲ್ಲ ಮಧ್ಯಾಹ್ನಕ್ಕೂ ರಾತ್ರಿಗೂ ಬೀಳುತ್ತದೆ. ರಾತ್ರಿ ಮೂವರೇ ಉಳಿದರೆ ಒಬ್ಬರಿಗೆ ಹತ್ತು ರೋಗಿಗಳು. ಹೆರಿಗೆ ರಜೆಯನ್ನು ಇದರಲ್ಲಿ ಸೇರಿಸಿಯೇ ಇಲ್ಲ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಅದು 26 ವಾರ. ಹೊಸದಾಗಿ ಮದುವೆಯಾದ ಹುಡುಗಿಯರೇ ಹೆಚ್ಚಿರುವ ವಿಭಾಗದಲ್ಲಿ ಇದನ್ನು ಅನಿರೀಕ್ಷಿತ ಎನ್ನಲು ಬರುವುದಿಲ್ಲ, ವರ್ಷದ ಆರಂಭದಲ್ಲೇ ಲೆಕ್ಕಕ್ಕೆ ಹಿಡಿಯಬೇಕು.

ಒಬ್ಬ ನರ್ಸ್ ಮೇಲೆ ಇನ್ನೊಬ್ಬ ರೋಗಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಪ್ರತಿ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ 30 ದಿನದೊಳಗೆ ಸಾವಿನ ಸಂಭವ ಶೇ 7ರಷ್ಟು ಏರುತ್ತಿತ್ತು. ಕ್ಯಾಲಿಫೋರ್ನಿಯಾ 1999ರಲ್ಲೇ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳೆಂಬ ಪ್ರಮಾಣಕ್ಕೊಂದು ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತ್ತು. ಆಡಳಿತದವರ ಜೊತೆ ಮಾತಾಡುವಾಗ ಈ ಎರಡು ಸಂಗತಿ ಬಾಯಿಪಾಠ ಇರಲಿ.

ಆದರೆ ಹಾಸಿಗೆ ಎಣಿಸಿದರಷ್ಟೇ ಸಾಲದು. ಡಿಸ್ಚಾರ್ಜ್ ಬಿಲ್ಲಿಗೆ ಕಾಯುತ್ತ ಕೂತವರೂ ಒಂದು ಹಾಸಿಗೆಯೇ, ಈಗಷ್ಟೇ ಓಟಿಯಿಂದ ಬಂದವರೂ ಒಂದು ಹಾಸಿಗೆಯೇ. ಪ್ರತಿ ಹ್ಯಾಂಡ್‌ಓವರ್ ಹೊತ್ತಿಗೆ ರೋಗಿಗಳನ್ನು ತಾವೇ ಓಡಾಡುವವರು, ಅರೆ ಆಸರೆ ಬೇಕಾದವರು, ಪೂರ್ತಿ ಆಸರೆ ಬೇಕಾದವರು ಎಂದು ಮೂರು ಗುಂಪು ಮಾಡಿ ಹಲಗೆಯ ಮೇಲೆ ಬರೆಯಿಸಿ. ಯಾವ ವಾರ್ಡಿನಿಂದ ಯಾವ ವಾರ್ಡಿಗೆ ಒಬ್ಬರನ್ನು ಕಳಿಸಬೇಕೆಂಬುದು ಆಗ ಫೋನಿನ ಮೇಲಿನ ಜಗಳವಾಗುವುದಿಲ್ಲ.

ಇನ್ನೊಂದು ಕೆಲಸ ಒಂದು ವಾರ ಮಾಡಿ ನೋಡಿ. ನರ್ಸ್ ಮಾಡಬೇಕಿಲ್ಲದ ಕೆಲಸಕ್ಕೆ ಪ್ರತಿ ಪಾಳಿಯಲ್ಲಿ ಎಷ್ಟು ಹೊತ್ತು ಹೋಯಿತೆಂದು ಬರೆದಿಡಿಸಿ. ಫಾರ್ಮಸಿಯಿಂದ ಔಷಧಿ ತರುವುದು, ಲ್ಯಾಬ್‌ಗೆ ಫೋನ್ ಹಚ್ಚಿ ರಿಪೋರ್ಟಿಗೆ ಕಾಯುವುದು, ಸರ್ಕಾರಿ ಯೋಜನೆಯ ಕಾಗದಕ್ಕೆ ಆಧಾರ್ ಜೆರಾಕ್ಸ್ ಜೋಡಿಸುವುದು, ಸಂಜೆ ಡಬ್ಬಿ ಹಿಡಿದು ಬರುವ ಹತ್ತು ಜನ ಬೀಗರನ್ನು ವಾರ್ಡಿನಿಂದ ಹೊರಗೆ ಕಳಿಸುವುದು. ಮೊತ್ತ ನೋಡಿದರೆ ನೀವೇ ಬೆರಗಾಗುತ್ತೀರಿ. ಇನ್ನೊಬ್ಬ ನರ್ಸ್‌ಗಿಂತ ಒಬ್ಬ ವಾರ್ಡ್ ಕ್ಲಾರ್ಕ್ ಹೆಚ್ಚು ಉಪಯೋಗಕ್ಕೆ ಬರುವ ವಾರ್ಡುಗಳಿವೆ, ಮತ್ತು ಆ ಹುದ್ದೆ ಮಂಜೂರಾಗುವುದು ಸುಲಭ.

ಪಟ್ಟಿಯ ನ್ಯಾಯದ ಬಗ್ಗೆಯೂ ಒಂದೆರಡು ಮಾತು. ನಮ್ಮ ಕಡೆ ನಾಗರ ಪಂಚಮಿಗೆ ತವರಿಗೆ ಹೋಗದಿದ್ದರೆ ಹೆಣ್ಣುಮಕ್ಕಳಿಗೆ ಶ್ರಾವಣವೇ ಬಂದಂತಲ್ಲ. ಗಣೇಶ ಚೌತಿ, ದಸರೆ, ರಂಜಾನ್, ಕ್ರಿಸ್‌ಮಸ್ ಎಲ್ಲಕ್ಕೂ ರಜೆ ಕೇಳುವವರಿದ್ದಾರೆ. ಜನವರಿಯಲ್ಲೇ ಪ್ರತಿಯೊಬ್ಬರಿಂದ ವರ್ಷದ ಎರಡು ಹಬ್ಬ ಬರೆಯಿಸಿಕೊಂಡು, ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಿ. ಎರಡರಲ್ಲಿ ಒಂದು ಖಚಿತ, ಇನ್ನೊಂದು ಸಾಧ್ಯವಾದರೆ. ಪಟ್ಟಿಯನ್ನು ಎರಡು ವಾರ ಮೊದಲೇ ಹಾಕಿ. ನೈಟ್ ಡ್ಯೂಟಿ ಯಾರಿಗೆ ಎಷ್ಟು ಬಂತೆಂದು ತಿಂಗಳ ಕೊನೆಗೆ ಎಣಿಸಿ ತೋರಿಸಿ. “ಮೇಡಂ, ಅಕೀಗೆ ಒಂದು ವಾರ, ನನಗ ಮಾತ್ರ ಎರಡು ವಾರ ನೈಟ್ ಯಾಕ್ರೀ?” ಎಂಬ ಪ್ರಶ್ನೆಗೆ ನಿಮ್ಮ ಹತ್ತಿರ ಅಂಕಿಯಲ್ಲಿ ಉತ್ತರ ಇರಬೇಕು. ಇಲ್ಲದಿದ್ದರೆ ಆಕೆ ತನ್ನದೇ ಉತ್ತರ ಕಂಡುಕೊಳ್ಳುತ್ತಾಳೆ, ಮತ್ತು ಅದು ಯಾವಾಗಲೂ ನಿಮ್ಮ ಪಕ್ಷಪಾತದ ಕತೆಯೇ ಆಗಿರುತ್ತದೆ.

ರೂಪಾಯಿಯಲ್ಲಿ ಮಾತಾಡುವುದು

“ಬರೇ ಮಂದಿ ಸಾಲೂದಿಲ್ಲ ಅಂತೀರಿ. ಎಷ್ಟು ಬೇಕು, ಯಾಕ ಬೇಕು ಅಂತ ಬರದು ತರ್ರಿ.” ಖಾಸಗಿ ಆಸ್ಪತ್ರೆಯ ಮಾಲೀಕ ವೈದ್ಯರ ಈ ಮಾತನ್ನು ಬೈಗುಳ ಎಂದುಕೊಳ್ಳದೆ ಅವಕಾಶ ಎಂದುಕೊಳ್ಳಬೇಕು. ಒಂದೇ ಪುಟ ಬರೆಯಿರಿ. ತೊಂದರೆ ಏನು, ಅಂಕಿ ಏನು ಹೇಳುತ್ತದೆ, ಏನು ಮಾಡಬೇಕು, ಖರ್ಚೆಷ್ಟು, ಆರು ತಿಂಗಳ ನಂತರ ಯಾವ ಅಂಕಿ ನೋಡಿ ಫಲ ಸಿಕ್ಕಿತೆಂದು ಹೇಳುತ್ತೀರಿ. ಎರಡನೇ ಪುಟವನ್ನು ಯಾರೂ ಓದುವುದಿಲ್ಲ.

ಖರ್ಚಿನ ಮಾತು ಬಂದಾಗ ನರ್ಸಿಂಗ್ ಸಂಬಳ ಲೆಕ್ಕಪತ್ರದ ದೊಡ್ಡ ಸಾಲಾಗಿ ಕಾಣುತ್ತದೆ, ಅದು ಉಳಿಸಿದ ಹಣ ಎಲ್ಲೂ ಕಾಣುವುದಿಲ್ಲ. ಅದನ್ನು ಕಾಣಿಸುವುದು ನಿಮ್ಮ ಕೆಲಸ. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯನ್ನೇ ನೋಡಿ. ಅಲ್ಲಿ ಚಿಕಿತ್ಸೆಗೆ ಇಂತಿಷ್ಟು ಎಂದು ಪ್ಯಾಕೇಜ್ ದರ ಇದೆ. ಸೊಂಟದ ಶಸ್ತ್ರಚಿಕಿತ್ಸೆಯಾದ ಅಜ್ಜಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರಿಲ್ಲದೆ ಬೆನ್ನಿಗೆ ಹುಣ್ಣಾಯಿತೆನ್ನಿ. ಆಕೆ ಒಂದು ವಾರ ಹೆಚ್ಚು ಉಳಿದರೆ ಆ ವಾರದ ಡ್ರೆಸ್ಸಿಂಗ್, ಔಷಧಿ, ಹಾಸಿಗೆ ಎಲ್ಲ ಆಸ್ಪತ್ರೆಯ ಕಿಸೆಯಿಂದಲೇ ಹೋಗುತ್ತದೆ. ಆ ಹಾಸಿಗೆಗೆ ಬರಬೇಕಿದ್ದ ಮುಂದಿನ ರೋಗಿಯೂ ಬೇರೆ ಕಡೆ ಹೋಗುತ್ತಾರೆ. ಕಳೆದ ವರ್ಷದ ಬೆನ್ನುಹುಣ್ಣು, ಸೋಂಕಿನ ಪ್ರಕರಣಗಳ ಕೇಸ್ ಶೀಟ್ ತೆಗೆದು ಹೆಚ್ಚುವರಿ ದಿನಗಳನ್ನು ಎಣಿಸಿ. ಅದನ್ನು ಒಂದು ದಿನದ ಹಾಸಿಗೆ ವೆಚ್ಚದಿಂದ ಗುಣಿಸಿ. ಆ ವೆಚ್ಚ ಗೊತ್ತಿಲ್ಲದಿದ್ದರೆ ಅಕೌಂಟ್ಸ್ ವಿಭಾಗದವರನ್ನು ಕೇಳಿ. ಚಹಾದ ಹೊತ್ತಿಗೆ ಹೋಗಿ ಅವರ ಪಕ್ಕ ಅರ್ಧ ತಾಸು ಕೂತರೆ ಬಜೆಟ್ಟಿನ ಬಗ್ಗೆ ಯಾವ ಕಾರ್ಯಾಗಾರಕ್ಕಿಂತಲೂ ಹೆಚ್ಚು ತಿಳಿಯುತ್ತದೆ.

ಬಿಟ್ಟುಹೋಗುವವರ ಲೆಕ್ಕವೂ ಹೀಗೆಯೇ. ವರ್ಷದಲ್ಲಿ ಬಿಟ್ಟವರ ಸಂಖ್ಯೆಯನ್ನು ಸರಾಸರಿ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿ. 120 ಜನರಲ್ಲಿ 36 ಜನ ಬಿಟ್ಟರೆ ಶೇ 30. ಹೊಸಬರು ಒಂಟಿಯಾಗಿ ಪಾಳಿ ನೋಡಿಕೊಳ್ಳಲು ಎರಡು ತಿಂಗಳು ಬೇಕು, ಸಂಬಳ ತಿಂಗಳಿಗೆ 22,000 ಎಂದು ಊಹಿಸಿ. ಒಬ್ಬರಿಗೆ 44,000, 36 ಜನರಿಗೆ 15 ಲಕ್ಷ 84 ಸಾವಿರ. ಜಾಹೀರಾತು, ಸಂದರ್ಶನ, ಹೊಸಬರ ಕೈಯಲ್ಲಿ ಆಗುವ ತಪ್ಪು ಇದರಲ್ಲಿ ಸೇರಿಲ್ಲ. ಈ ಮೊತ್ತ ಎದುರಿಗಿಟ್ಟುಕೊಂಡು, ಇದರ ಅರ್ಧದಲ್ಲಿ ಎಷ್ಟು ಸಂಬಳ ಹೆಚ್ಚಿಸಬಹುದು, ನೈಟ್ ಭತ್ಯೆ ಎಷ್ಟು ಕೊಡಬಹುದು ಎಂದು ಕೇಳಿ. ಏಮ್ಸ್ ಪರೀಕ್ಷೆಗೆ, ಸರ್ಕಾರಿ ನೇಮಕಾತಿಗೆ, ಗಲ್ಫ್‌ಗೆ, ಜರ್ಮನಿಗೆ ಹೋಗುವವರನ್ನು ತಡೆಯಲಾಗದು, ತಡೆಯಲೂಬಾರದು. ಸಂಬಳಕ್ಕಿಂತ ಪಟ್ಟಿಯ ಕಿರಿಕಿರಿಗೆ ಬೇಸತ್ತು ಪಕ್ಕದ ಆಸ್ಪತ್ರೆಗೆ ಹೋಗುವವರನ್ನು ಮಾತ್ರ ತಡೆಯಬಹುದು. ಬಿಡುವವರ ಜೊತೆ ಕೊನೆಯ ವಾರ ಕೂತು ಮಾತಾಡಿ. ಆಗ ಮಾತ್ರ ಅವರು ನಿಜ ಹೇಳುತ್ತಾರೆ.

ಖಾಸಗಿ ಆಸ್ಪತ್ರೆಯ ಸಂಬಳದ ಬಗ್ಗೆ ಗೊತ್ತಿರಲೇಬೇಕಾದ ಅಂಕಿಗಳಿವೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಹೀಗೆ ಶಿಫಾರಸು ಮಾಡಿತು: 200ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ನಷ್ಟೇ ಸಂಬಳ, 100 ದಾಟಿದರೆ ಅದಕ್ಕಿಂತ ಶೇ 10ಕ್ಕಿಂತ ಹೆಚ್ಚು ಕಡಿಮೆ ಇರಬಾರದು, 50ರಿಂದ 100ರವರೆಗೆ ಶೇ 25ಕ್ಕಿಂತ ಹೆಚ್ಚು ಕಡಿಮೆ ಇರಬಾರದು, 50ಕ್ಕಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯಬಾರದು. ಜಾರಿ ಮಾಡುವುದು ರಾಜ್ಯಗಳಿಗೆ ಬಿಟ್ಟಿದ್ದರಿಂದ ಇದು ಎಲ್ಲ ಕಡೆ ಕಾಗದದಿಂದ ಕೆಳಗಿಳಿದಿಲ್ಲ. ಆದರೂ ಸಂಬಳ ಪರಿಷ್ಕರಣೆಯ ಮಾತುಕತೆಯಲ್ಲಿ ಮೇಜಿನ ಮೇಲಿಡಲು ಇದಕ್ಕಿಂತ ಒಳ್ಳೆಯ ಕಾಗದವಿಲ್ಲ.

ಬಿದ್ದವರ ಎಣಿಕೆ

ರೋಗಿ ಸುರಕ್ಷತೆಯ ಅಂಕಿಗಳನ್ನು ಬಿಡಿಯಾಗಿ ಹೇಳಿದರೆ ಏನೂ ತಿಳಿಯುವುದಿಲ್ಲ. ಈ ತಿಂಗಳು ಇಬ್ಬರು ಹಾಸಿಗೆಯಿಂದ ಬಿದ್ದರು ಎಂದರೆ ಹೆಚ್ಚೋ ಕಡಿಮೆಯೋ? ವಾರ್ಡಿನಲ್ಲಿ ಸರಾಸರಿ 26 ರೋಗಿಗಳಿದ್ದರೆ 30 ದಿನಕ್ಕೆ 780 ರೋಗಿ ದಿನಗಳಾದವು. ಎರಡನ್ನು 780ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಸಾವಿರ ರೋಗಿ ದಿನಕ್ಕೆ 2.56. ಈಗ ಇದನ್ನು ಪಕ್ಕದ ವಾರ್ಡಿನ ಜೊತೆ, ಕಳೆದ ತಿಂಗಳ ಜೊತೆ ಹೋಲಿಸಬಹುದು. ಮೂತ್ರನಾಳದ ಸೋಂಕಿಗೆ ಕೆಳಗಿನ ಸಂಖ್ಯೆ ರೋಗಿ ದಿನ ಆಗುವುದಿಲ್ಲ, ಕ್ಯಾಥೆಟರ್ ಹಾಕಿದ ದಿನಗಳಾಗುತ್ತವೆ. ಇದನ್ನು ತಪ್ಪಾಗಿ ಹಾಕಿದ ವರದಿಯನ್ನು ತಪಾಸಣೆಗೆ ಬಂದವರು ಮೊದಲ ನೋಟಕ್ಕೇ ಹಿಡಿಯುತ್ತಾರೆ.

ಹೊಸ ಮುಖ್ಯಸ್ಥರು ಬಂದ ಮೇಲೆ ತಪ್ಪುಗಳ ವರದಿ ಹೆಚ್ಚಾದರೆ ಗಾಬರಿಯಾಗಬೇಡಿ. ಮೊದಲು ಮುಚ್ಚಿಡುತ್ತಿದ್ದರು, ಈಗ ಹೇಳುತ್ತಿದ್ದಾರೆ ಎಂಬ ಸಾಧ್ಯತೆಯೇ ಹೆಚ್ಚು. ತಪ್ಪು ಇಂಜೆಕ್ಷನ್ ಹಾಕಿದ ಹುಡುಗಿಯನ್ನು ಎಲ್ಲರೆದುರು ಬೈದರೆ ಮುಂದಿನ ಹತ್ತು ತಪ್ಪುಗಳು ನಿಮ್ಮ ಕಿವಿಗೆ ಬೀಳುವುದಿಲ್ಲ. ಎರಡು ಆಂಪೂಲ್ ಒಂದೇ ಬಣ್ಣದಲ್ಲಿದ್ದವೇ, ಒಂದೇ ಟ್ರೇನಲ್ಲಿದ್ದವೇ, ಆ ಹೊತ್ತಿಗೆ ಆಕೆಯ ಕೈಯಲ್ಲಿ ಎಷ್ಟು ರೋಗಿಗಳಿದ್ದರು ಎಂದು ಮೊದಲು ಕೇಳಿ. ಬೇಕೆಂದೇ ನಿಯಮ ಮೀರಿದವರ ವಿಷಯ ಬೇರೆ, ಅಲ್ಲಿ ಶಿಸ್ತು ಕ್ರಮಕ್ಕೆ ಹಿಂಜರಿಯಬಾರದು.

ರಾತ್ರಿ ಎರಡಕ್ಕೆ ಡಾಕ್ಟರಿಗೆ ಫೋನ್ ಮಾಡುವ ಕಿರಿಯ ನರ್ಸ್‌ಗೆ ಮಾತಿನ ಕ್ರಮ ಕಲಿಸುವುದೂ ನಾಯಕತ್ವವೇ. ಈಗ ರೋಗಿಗೆ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನೀವು ಏನು ಮಾಡಬೇಕು: ಈ ನಾಲ್ಕು ಹೆಜ್ಜೆಯ ಪದ್ಧತಿಯನ್ನು ಎಸ್‌ಬಿಎಆರ್ ಎನ್ನುತ್ತಾರೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಅದು ಆಸ್ಪತ್ರೆಗಳಿಗೆ ಬಂತು. ನಮ್ಮ ಹುಡುಗಿಯರು ಎಡವುವುದು ಕೊನೆಯ ಹೆಜ್ಜೆಯಲ್ಲಿ. “ಸರ್, ಪೇಶಂಟ್ ಸ್ವಲ್ಪ ಡಲ್ ಅದಾರ್ರಿ” ಎಂದು ನಿಲ್ಲಿಸುತ್ತಾರೆ. “ಸರ್, ಬಿಪಿ 80ಕ್ಕೆ ಇಳದದರಿ, ನೀವು ಈಗ ಬಂದು ನೋಡಬೇಕ್ರಿ” ಎನ್ನಲು ಧೈರ್ಯ ಬೇಕು. ಹೀಗೆ ಹೇಳಿದ್ದಕ್ಕೆ ಮರುದಿನ ಡಾಕ್ಟರು ರೇಗಿದರೆ ಆಕೆಯ ಪರ ನಿಲ್ಲುವ ಮೇಟ್ರನ್ ಇದ್ದಾರೆ ಎಂಬುದು ಖಚಿತವಾದಾಗ ಮಾತ್ರ ಆ ಧೈರ್ಯ ಬರುತ್ತದೆ.

ಕಾನೂನಿನ ವಿಷಯ ಚುಟುಕಾಗಿ. ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಕೆಲಸದ ಜಾಗದಲ್ಲೂ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಅದರಲ್ಲಿ ಯಾರಿದ್ದಾರೆಂದು ಎಲ್ಲ ಪಾಳಿಯವರಿಗೂ ಗೊತ್ತಿರಬೇಕು. ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಕಾಯ್ದೆ ಇದೆ. ಗಲಾಟೆಯಾದ ರಾತ್ರಿ ದೂರು ಬರೆಯುವವರು ಯಾರೆಂದು ಮೊದಲೇ ಗೊತ್ತುಮಾಡಿಡಿ, ಹೊಡೆತ ತಿಂದವರ ಮೇಲೆ ಆ ಭಾರವನ್ನೂ ಹೊರಿಸಬೇಡಿ. ಮಾನಸಿಕ ಆರೋಗ್ಯ ವಿಭಾಗದವರು 2017ರ ಕಾಯ್ದೆಯ ನಿರ್ಬಂಧಗಳನ್ನು ತಿಳಿದಿರಲೇಬೇಕು. ರೋಗಿಯನ್ನು ಕಟ್ಟಿಹಾಕುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯಿಲ್ಲದಾಗ ಮಾತ್ರ, ಮನೋವೈದ್ಯರ ಒಪ್ಪಿಗೆಯೊಂದಿಗೆ ಮಾತ್ರ. ಅದು ದಾಖಲಾಗಬೇಕು, ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಇನ್ನು ನೋಂದಣಿ. 1947ರ ನರ್ಸಿಂಗ್ ಪರಿಷತ್ತಿನ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂದಿದೆ. ಕೇರಳ, ಮಹಾರಾಷ್ಟ್ರದಲ್ಲಿ ಓದಿ ಬಂದವರ ರಾಜ್ಯ ನೋಂದಣಿ, ಎಲ್ಲರ ನವೀಕರಣದ ತಾರೀಖು ಒಂದು ಪುಸ್ತಕದಲ್ಲಿ ಇರಲಿ. ತಪಾಸಣೆಯ ಹಿಂದಿನ ರಾತ್ರಿ ಹುಡುಕುವ ಕಾಗದ ಸಾಮಾನ್ಯವಾಗಿ ಇದೇ.

ಓದುವ ಮನಸ್ಸಿದ್ದವರಿಗೆ ದಾರಿಗಳಿವೆ. ಅಮೆರಿಕದ ನರ್ಸಿಂಗ್ ನಾಯಕರ ಸಂಘ ಹಿರಿಯ ಅಧಿಕಾರಿಗಳ ಸಾಮರ್ಥ್ಯವನ್ನು ಐದು ಭಾಗ ಮಾಡಿದೆ: ಸಂವಹನ ಮತ್ತು ಸಂಬಂಧ, ಆರೋಗ್ಯ ವ್ಯವಸ್ಥೆಯ ತಿಳಿವಳಿಕೆ, ನಾಯಕತ್ವ, ವೃತ್ತಿಪರತೆ, ವ್ಯವಹಾರ ಜ್ಞಾನ. ಅವರ ಪ್ರಮಾಣಪತ್ರ ಪರೀಕ್ಷೆ ನಮಗೆ ಬೇಕಿಲ್ಲ, ಆದರೆ ಈ ಐದನ್ನು ಹಾಳೆಯಲ್ಲಿ ಬರೆದು ಒಂದೊಂದಕ್ಕೂ ತನಗೆ ತಾನೇ ಹತ್ತಕ್ಕೆ ಎಷ್ಟು ಎಂದು ಹಾಕಿಕೊಂಡರೆ ಏನು ಓದಬೇಕೆಂದು ತಿಳಿಯುತ್ತದೆ. ಬಹುಪಾಲು ಜನರಿಗೆ ಕೊನೆಯದರಲ್ಲೇ ಅಂಕ ಕಡಿಮೆ ಬರುತ್ತದೆ. ಇಗ್ನೋದಲ್ಲಿ ಆಸ್ಪತ್ರೆ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ದೂರಶಿಕ್ಷಣದಲ್ಲಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ ಇದೆ. ಎನ್‌ಎಬಿಎಚ್ ನಡೆಸುವ ಅನುಷ್ಠಾನ ತರಬೇತಿ ಚಿಕ್ಕದು, ಉಪಯೋಗ ದೊಡ್ಡದು. ಇದಾವುದೂ ಆಗದಿದ್ದರೆ ಕಂಪ್ಯೂಟರಿನಲ್ಲಿ ಎಕ್ಸೆಲ್ ಕಲಿಯಿರಿ. ಮೇಲಿನ ಲೆಕ್ಕಗಳೆಲ್ಲ ಅದರಲ್ಲಿ ಒಂದು ಸಂಜೆಯ ಕೆಲಸ, ಮತ್ತು ಕಲಿಸಲು ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳೋ ಅಳಿಯನೋ ಸಿಗುತ್ತಾರೆ.

ಕೊನೆಯದಾಗಿ, ನಿಮ್ಮ ನಂತರದವರ ವಿಷಯ. ನೀವು ಹದಿನೈದು ದಿನ ರಜೆ ಹಾಕಿದರೆ ವಿಭಾಗ ನಡೆಯುತ್ತದೆಯೇ? ಸಹಾಯಕ ಸೂಪರಿಂಟೆಂಡೆಂಟರಿಗೆ ಬರೇ ರೌಂಡ್ಸ್ ಕೊಟ್ಟು ಪಟ್ಟಿ, ಬಜೆಟ್, ದೂರು ಎಲ್ಲವನ್ನೂ ನಿಮ್ಮ ಬಳಿಯೇ ಇಟ್ಟುಕೊಂಡಿದ್ದರೆ ನಡೆಯುವುದಿಲ್ಲ. ಮುಂದಿನ ಬಜೆಟ್ ಮೀಟಿಂಗಿಗೆ ಅವರನ್ನೂ ಕರೆದೊಯ್ದು ಒಂದು ವಿಷಯ ಅವರಿಂದಲೇ ಮಂಡಿಸಿ. ರಜೆಗೆ ಹೋಗುವಾಗ ಯಾವ ಕಾಗದಕ್ಕೆ ಅವರು ಸಹಿ ಹಾಕಬಹುದು, ಎಷ್ಟು ರೂಪಾಯಿಯವರೆಗಿನ ಇಂಡೆಂಟು ಒಪ್ಪಬಹುದು ಎಂದು ಆಡಳಿತಾಧಿಕಾರಿಯ ಸಹಿಯೊಂದಿಗೆ ಬರೆದುಕೊಡಿ. ಆಮೇಲೆ ರಜೆಯಲ್ಲಿ ಅವರಿಗೆ ಫೋನ್ ಮಾಡಬೇಡಿ.